ಕಾರಣ ಹೇಳಬೇಕಾದವರು ಯಾರು? ವ್ಯಕ್ತಿ ಸ್ವಾತಂತ್ರ್ಯಕ್ಕೆ ಒಂದು ಪರಿಚಯ

ಕಲಘಟಗಿ ತಾಲೂಕಿನ ದುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ಒಡ್ಡು ಕಟ್ಟಿ ನಿಲ್ಲಿಸಿದ ನೀರಿಗೆ ನೀರಸಾಗರ ಎಂದು ಹೆಸರು. ಹುಬ್ಬಳ್ಳಿಯ ಎಷ್ಟೋ ಮನೆಗಳಿಗೆ ಕುಡಿಯುವ ನೀರು ದಶಕಗಳಿಂದ ಇಲ್ಲಿಂದ ಹೋಗಿದೆ. ಇಂಥ ಕೆಲಸವನ್ನು ಒಬ್ಬ ರೈತನಾಗಲಿ ಒಬ್ಬ ವ್ಯಾಪಾರಿಯಾಗಲಿ ಮಾಡಲಾರ. ಅದಕ್ಕೆ ಸರಕಾರವೇ ಬೇಕು. ಆದರೆ ಜಲಾಶಯ ಎಂದರೆ ಬರೀ ನೀರಲ್ಲ, ನೀರಿನಡಿಗೆ ಹೋಗುವ ನೆಲವೂ ಹೌದು. ನಾಡಿನಲ್ಲಿ ಎಲ್ಲಿಯೇ ಜಲಾಶಯ, ರಸ್ತೆ, ರೈಲುಮಾರ್ಗ ಬಂದರೂ ಒಂದೇ ಪ್ರಶ್ನೆ ಏಳುತ್ತದೆ: ಬಹಳ ಮಂದಿಗೆ ಒಳ್ಳೆಯದಾಗುವ ಕೆಲಸಕ್ಕಾಗಿ ಒಬ್ಬನ ಉತಾರದಲ್ಲಿರುವ ಹೊಲವನ್ನು ಸರಕಾರ ತೆಗೆದುಕೊಳ್ಳಬಹುದೇ? ತೆಗೆದುಕೊಳ್ಳಬಹುದಾದರೆ ಎಷ್ಟು, ಯಾವ ಬೆಲೆಗೆ, ಯಾರ ಮಾತು ಕೇಳಿ?

ಹೊಸದಾಗಿ ಮತದಾರರ ಪಟ್ಟಿಗೆ ಹೆಸರು ಬರೆಸಿದವರಿಗೆ, ಪೌರನೀತಿಯನ್ನು ಪರೀಕ್ಷೆಗೆಂದು ಓದಿ ಮರೆತವರಿಗೆ, ಕಚೇರಿಯ ಬಾಗಿಲಲ್ಲಿ ನಿಂತಾಗ ಮಾತು ತಡವರಿಸುವವರಿಗೆ ಈ ಲೇಖನ. ವಿಷಯ ದೊಡ್ಡದು. ವ್ಯಕ್ತಿಯ ಸ್ವಾತಂತ್ರ್ಯ ಎಲ್ಲಿಯವರೆಗೆ, ಸರಕಾರದ ಅಧಿಕಾರ ಎಲ್ಲಿಯವರೆಗೆ ಎಂಬುದು ಅದರ ಹುರುಳು. ಅವಸರ ಬೇಡ, ಒಂದೊಂದಾಗಿ ನೋಡೋಣ. ಉಳಿದದ್ದೆಲ್ಲ ಮರೆತರೂ ಒಂದು ಮಾತು ನೆನಪಿರಲಿ: ಸರಕಾರ ನಮ್ಮ ಬದುಕಿಗೆ ಕೈ ಹಾಕಿದಾಗ ಕಾರಣ ಹೇಳಬೇಕಾದದ್ದು ಸರಕಾರವೇ. ನಮ್ಮನ್ನು ಬಿಟ್ಟುಬಿಡಿ ಎನ್ನಲು ನಾವು ಕಾರಣ ಹುಡುಕಬೇಕಾಗಿಲ್ಲ.

ಮಿತಿ ಎಂದರೆ ಹಗೆಯಲ್ಲ

ಅಧಿಕಾರಕ್ಕೆ ಮಿತಿ ಬೇಕು ಎಂದ ಕೂಡಲೆ ಕೆಲವರು ಇವರಿಗೆ ಸರಕಾರವೇ ಬೇಡ ಎಂದುಕೊಳ್ಳುತ್ತಾರೆ. ಹಾಗಲ್ಲ. ಬೆಳೆಯ ಸಾಲಿನಲ್ಲಿ ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತೇವೆ. ಎತ್ತಿಲ್ಲದೆ ಎಡೆ ಸಾಗದು, ಕುಕ್ಕೆಯಿಲ್ಲದೆ ಬೆಳೆ ಉಳಿಯದು. ಕುಕ್ಕೆ ಕಟ್ಟಿದವನಿಗೆ ಎತ್ತಿನ ಮೇಲೆ ದ್ವೇಷವಿದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ಸಂವಿಧಾನ ಸರಕಾರಕ್ಕೆ ದೊಡ್ಡ ಶಕ್ತಿ ಕೊಟ್ಟಿದೆ: ಕರ ಹಾಕಬಹುದು, ಬಂಧಿಸಬಹುದು, ನೆಲ ತೆಗೆದುಕೊಳ್ಳಬಹುದು, ಕಾನೂನು ಮಾಡಬಹುದು. ಅದೇ ಸಂವಿಧಾನದ ಮೂರನೆಯ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ಆ ಹಕ್ಕುಗಳನ್ನು ಮೀರಿ ಮಾಡಿದ ಕಾನೂನು ಮೀರಿದಷ್ಟರ ಮಟ್ಟಿಗೆ ಊರ್ಜಿತವಲ್ಲ ಎಂದು 13ನೇ ವಿಧಿ ಹೇಳುತ್ತದೆ. ಬಹುಮತ ಪಡೆದ ಸರಕಾರ ಮಾಡಿದ ಕಾನೂನಿಗೂ ಈ ಮಾತು ಅನ್ವಯಿಸುತ್ತದೆ.

ಸ್ವಾತಂತ್ರ್ಯ ಎಂದರೆ ಮನಸ್ಸಿಗೆ ಬಂದಂತೆ ಮಾಡುವುದೂ ಅಲ್ಲ. ಇದನ್ನು ತಿಳಿಯಾಗಿ ಹೇಳಿದವರಲ್ಲಿ ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಪ್ರಮುಖ. 1859ರಲ್ಲಿ ಅವನು ಸ್ವಾತಂತ್ರ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಅದರ ತಿರುಳು ಇಷ್ಟು: ಒಬ್ಬನ ಮೇಲೆ ಬಲ ಪ್ರಯೋಗಿಸಲು ಸಮಾಜಕ್ಕೆ ಇರುವ ನ್ಯಾಯವಾದ ಕಾರಣ ಒಂದೇ, ಅವನಿಂದ ಇನ್ನೊಬ್ಬರಿಗೆ ಕೇಡಾಗುವುದನ್ನು ತಡೆಯುವುದು. ಅವನ ಒಳ್ಳೆಯದಕ್ಕೇ ಮಾಡಿದೆವು ಎಂಬ ಸಮರ್ಥನೆ ಸಾಲದು.

ಇದನ್ನು ನಮ್ಮ ಊರಿನಲ್ಲೇ ಇಟ್ಟು ನೋಡಿ. ಯಾವ ದೇವರಿಗೆ ಕೈ ಮುಗಿಯಬೇಕು, ಏನು ಉಡಬೇಕು, ಹೊಲದಲ್ಲಿ ಹತ್ತಿ ಬಿತ್ತಬೇಕೋ ಸೋಯಾಬೀನ್ ಬಿತ್ತಬೇಕೋ, ಯಾರಿಗೆ ಮತ ಹಾಕಬೇಕು ಎಂಬುದೆಲ್ಲ ನಿಮ್ಮದೇ ತೀರ್ಮಾನ. ಕಾರ್ಖಾನೆಯ ಹೊಲಸನ್ನು ಹಳ್ಳಕ್ಕೆ ಬಿಡುವುದು, ನಡುರಾತ್ರಿಯವರೆಗೆ ಧ್ವನಿವರ್ಧಕ ಹಚ್ಚುವುದು ನಿಮ್ಮದಲ್ಲ, ಏಕೆಂದರೆ ಅದರ ಪೆಟ್ಟು ಬೀಳುವುದು ನೆರೆಯವರಿಗೆ. ಇವೆರಡರ ನಡುವೆ ವಾದಕ್ಕೆ ಬಿಟ್ಟ ಜಾಗವೂ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಕುಡಿಯುವುದು ಅವನಿಷ್ಟ ಎನ್ನುವವರಿದ್ದರು. ಕೂಲಿ ಹಣವೆಲ್ಲ ಸಾರಾಯಿ ಅಂಗಡಿಗೆ ಸುರಿದು ಹೆಂಡತಿ ಮಕ್ಕಳು ಉಪವಾಸ ಬಿದ್ದರೆ ಅದು ಅವನಿಷ್ಟ ಮಾತ್ರವೇ ಎಂದು ಕೇಳಿದ ಹೆಣ್ಣುಮಕ್ಕಳೂ ಇದ್ದರು. ಎರಡೂ ಮಾತಿಗೆ ತೂಕವಿದೆ. ಇಂಥ ಕಡೆ ಗೆರೆ ಎಲ್ಲಿ ಎಂಬುದನ್ನು ಪ್ರತಿ ಸಲವೂ ಕೂತು ಯೋಚಿಸಬೇಕು.

ಮಿಲ್ ಬಗ್ಗೆ ಇನ್ನೊಂದು ಸಂಗತಿ ನಮಗೆ ಗೊತ್ತಿರಬೇಕು. ಅವನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರ. ಸ್ವಾತಂತ್ರ್ಯದ ತತ್ವ ಮುಂದುವರಿದ ಜನರಿಗೆ ಮಾತ್ರ, ಹಿಂದುಳಿದವರಿಗೆ ನಿರಂಕುಶ ಆಳ್ವಿಕೆಯೇ ಸರಿ ಎಂದು ಅವನು ಅದೇ ಪುಸ್ತಕದಲ್ಲಿ ಬರೆದ. ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಏನು ನಡೆದಿತ್ತು? 1857ರಲ್ಲಿ ಜನರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಂಪನಿ ಸರಕಾರ ಹುಕುಂ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಎದ್ದರು, ಊರು ಸುಟ್ಟುಹೋಯಿತು. ನರಗುಂದದ ಬಾಬಾಸಾಹೇಬ ಭಾವೆಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. ಅವನು 1858ರಲ್ಲಿ ಬಂಡೆದ್ದು ಸೋತ, ಬೆಳಗಾವಿಯಲ್ಲಿ ಗಲ್ಲಿಗೇರಿದ. ಪುಸ್ತಕದಲ್ಲಿ ಸ್ವಾತಂತ್ರ್ಯ ಬರೆದವರ ಆಳ್ವಿಕೆಯಲ್ಲಿ ಇಲ್ಲಿನ ಒಬ್ಬ ಸಂಸ್ಥಾನಿಕನಿಗೂ ತನ್ನ ವಾರಸುದಾರ ಯಾರೆಂದು ತೀರ್ಮಾನಿಸುವ ಹಕ್ಕಿರಲಿಲ್ಲ. ಇನ್ನು ಬಡ ರೈತನ ಪಾಡೇನು?

ನಮ್ಮನ್ನು ಹೊರಗಿಟ್ಟ ಆ ತತ್ವವನ್ನು ಎಲ್ಲರದನ್ನಾಗಿ ಮಾಡಿದ್ದು ನಮ್ಮ ಸಂವಿಧಾನ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅದೇ ಮಿಲ್‌ನನ್ನು ನೆನೆದರು. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯವನ್ನು ಒಪ್ಪಿಸಬೇಡಿ ಎಂಬ ಎಚ್ಚರಿಕೆಯನ್ನು ಅವನಿಂದ ಎತ್ತಿಕೊಂಡು ಇಡೀ ದೇಶಕ್ಕೆ ಹೇಳಿದರು.

ಈಗ ಕೆಲಸಕ್ಕೆ ಬರುವ ಭಾಗಕ್ಕೆ ಬರೋಣ. ಸರಕಾರದ ಯಾವ ಕ್ರಮ ಎದುರಾದರೂ ನಾಲ್ಕು ಪ್ರಶ್ನೆ ಕೇಳಿ. ಒಂದೊಂದು ಪ್ರಶ್ನೆಗೂ ನಮ್ಮ ನಾಡಿನ ಒಂದೊಂದು ಅನುಭವ ಇದೆ.

ಮೊದಲ ಪ್ರಶ್ನೆ: ಇದಕ್ಕೆ ಕಾನೂನು ಇದೆಯೇ?

ಸಾಹೇಬರು ಹೇಳಿದರು ಎಂಬುದು ಕಾನೂನಲ್ಲ. 265ನೇ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾವ ಕರವನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. 300ಎ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುತ್ತದೆ. 22ನೇ ವಿಧಿಯಂತೆ ಪೊಲೀಸರು ಯಾರನ್ನಾದರೂ ಹಿಡಿದರೆ ಏಕೆ ಹಿಡಿದರೆಂದು ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುಂಜಾಗ್ರತಾ ಬಂಧನದ ಕಾನೂನುಗಳಿಗೆ ಬೇರೆ ನಿಯಮವಿದೆ. ಅದಕ್ಕಾಗಿಯೇ ಆ ಕಾನೂನುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು 1975ರಲ್ಲಿ ಗೊತ್ತಾಯಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಅಲ್ಲಿಯೇ ಬಂಧಿತರಾದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಉಬ್ಬಸದ ಕಾಯಿಲೆ ಇತ್ತು. ಯಾವ ಅಪರಾಧವೂ ರುಜುವಾತಾಗಲಿಲ್ಲ. ತಿಂಗಳುಗಟ್ಟಲೆ ಒಳಗಿಟ್ಟು 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಬಂಧನದಲ್ಲಿದ್ದವರು ನ್ಯಾಯಾಲಯಕ್ಕೆ ಹೋದರು. ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸುವ ಅಧಿಕಾರ ತಮಗಿದೆ ಎಂದ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತುರ್ತು ಪರಿಸ್ಥಿತಿಯಲ್ಲಿ ಆ ಪ್ರಶ್ನೆ ಎತ್ತುವ ಹಕ್ಕೇ ಇಲ್ಲ ಎಂದುಬಿಟ್ಟರು. ಒಪ್ಪದೆ ಬೇರೆ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರ ಪಾಲಾಯಿತು, ಅವರು ರಾಜೀನಾಮೆ ಕೊಟ್ಟರು. 1978ರಲ್ಲಿ ಆದ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡಲು ಆಗುವುದಿಲ್ಲ. ಇಂದು ನಮಗಿರುವ ಈ ರಕ್ಷಣೆ ಆ ನೋವಿನ ಅನುಭವದಿಂದ ಬಂದದ್ದು.

ಎರಡನೆಯ ಪ್ರಶ್ನೆ: ಇದರಿಂದ ಯಾರಿಗೆ ಒಳಿತು?

ಕಾನೂನಿನ ಆಧಾರ ಇದ್ದರೆ ಸಾಲದು. ಸಾರ್ವಜನಿಕ ಉದ್ದೇಶ ಎಂದು ಕಾಗದದಲ್ಲಿ ಬರೆದದ್ದು ನಿಜವಾಗಿ ಸಾರ್ವಜನಿಕರದೇ ಎಂದು ನೋಡಬೇಕು. 1984ರಲ್ಲಿ ಕರ್ನಾಟಕ ಸರಕಾರ ಹರಿಹರ ಪಾಲಿಫೈಬರ್ಸ್ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿತು. ಅದಕ್ಕೆ ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಸರಕಾರಿ ನೆಲವನ್ನು ಕೊಡುವುದೆಂದಾಯಿತು. ಆ ನೆಲ ಹರಡಿದ್ದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಧಾರವಾಡವೂ ಒಂದು. ದಾಖಲೆಯಲ್ಲಿ ಅದು ಸರಕಾರದ ನೆಲ, ನಿಜ. ಆದರೆ ದನ ಮೇಯುವುದು ಅಲ್ಲಿ, ಉರುವಲು ಆರಿಸುವುದು ಅಲ್ಲಿ. ಹೊಲವಿಲ್ಲದ ಮನೆಯ ಎರಡು ಆಡು ಬದುಕುವುದೂ ಅಲ್ಲಿಯೇ. ಆ ಜನರನ್ನು ಯಾರೂ ಕೇಳಿರಲಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆ ಎತ್ತಿಕೊಂಡಿತು. ಶಿವರಾಮ ಕಾರಂತರು ಮುಂದೆ ನಿಂತು 1986ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು, ಮರುವರ್ಷ ತಡೆಯಾಜ್ಞೆ ಬಂತು. 1987ರ ನವೆಂಬರ್ 14ರಂದು ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ಜನಕ್ಕೂ ದನಕ್ಕೂ ಬೇಕಾಗುವ ಸಸಿ ಹಚ್ಚಿದರು. ಕದ್ದುಮುಚ್ಚಿ ಅಲ್ಲ, ಮೊದಲೇ ಸಾರಿ ಹೇಳಿ, ಹಾಡುಹಗಲಲ್ಲಿ. 1991ರಲ್ಲಿ ಸರಕಾರ ಆ ಕಂಪನಿಯನ್ನೇ ಮುಚ್ಚಿತು. ಸರಕಾರದ ಹೆಸರಿನಲ್ಲಿರುವ ನೆಲಕ್ಕೂ ಸರಕಾರ ಬರೀ ಕಾವಲುಗಾರ ಎಂಬ ಪಾಠವನ್ನು ಆ ಹಳ್ಳಿಗಳವರು ನಾಡಿಗೆ ಹೇಳಿಕೊಟ್ಟರು.

ಮೂರನೆಯ ಪ್ರಶ್ನೆ: ಬೇಕಾದಷ್ಟೇ ಬಲವೇ, ಅದಕ್ಕಿಂತ ಹೆಚ್ಚೇ?

ಉದ್ದೇಶ ಸರಿಯಿದ್ದಾಗಲೂ ಬಳಸುವ ಬಲಕ್ಕೆ ಅಳತೆ ಇರಬೇಕು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಅದೇ ಮಹದಾಯಿ ಕಣಿವೆಯ ಕಳಸಾ ಬಂಡೂರಿ ಹಳ್ಳಗಳ ನೀರಿಗೆ ವರ್ಷಗಟ್ಟಲೆ ಕಾದಿದ್ದ ನವಲಗುಂದದಲ್ಲಿ ಸಿಟ್ಟು ಸಿಡಿಯಿತು, ಸರಕಾರಿ ಕಚೇರಿಗಳ ಮೇಲೆ ದಾಳಿಯಾಯಿತು. ಅದು ತಪ್ಪೇ, ಮಾಡಿದವರನ್ನು ಹಿಡಿಯುವುದು ಪೊಲೀಸರ ಕರ್ತವ್ಯವೇ. ಆದರೆ ಅದರ ಬೆನ್ನಿಗೆ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ಹೊಕ್ಕು ಹೆಣ್ಣುಮಕ್ಕಳು, ಮುದುಕರು ಎನ್ನದೆ ಹೊಡೆದ ದೃಶ್ಯಗಳನ್ನು ಟೀವಿಯಲ್ಲಿ ಇಡೀ ರಾಜ್ಯ ನೋಡಿತು. ತಪ್ಪಿತಸ್ಥನನ್ನು ಹುಡುಕುವ ಅಧಿಕಾರದಲ್ಲಿ ಊರಿಗೆ ಊರನ್ನೇ ಶಿಕ್ಷಿಸುವ ಅಧಿಕಾರ ಸೇರಿಲ್ಲ. ಶಿಕ್ಷೆ ಕೊಡುವುದು ಪೊಲೀಸರ ಕೆಲಸವೇ ಅಲ್ಲ, ಅದು ನ್ಯಾಯಾಲಯದ್ದು.

ಈ ಅಳತೆಯ ಮಾತು ಖಾಸಗಿ ಬದುಕಿಗೂ ಸಲ್ಲುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಸರಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಲ್ಲಿ ಸಿಕ್ಕಿತು. ಅದೇ ತೀರ್ಪು 1976ರ ಆ ಹಳೆಯ ತೀರ್ಪನ್ನೂ ತಪ್ಪೆಂದು ರದ್ದುಮಾಡಿತು. ಹಾಗೆ ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಒಬ್ಬರು. ಹಳೆಯ ತೀರ್ಪಿಗೆ ಸಹಿ ಹಾಕಿದ್ದವರಲ್ಲಿ ಅವರ ತಂದೆಯೂ ಇದ್ದರು. ಮರುವರ್ಷ ಆಧಾರ್ ಬಗ್ಗೆ ಬಂದ ತೀರ್ಪು ಈ ಅಳತೆಯನ್ನು ಬಳಸಿತು: ಸರಕಾರದ ಸಹಾಯಧನಕ್ಕೆ ಆಧಾರ್ ಕೇಳುವುದು ಉಳಿಯಿತು, ಬ್ಯಾಂಕ್ ಖಾತೆಗೆ ಮತ್ತು ಮೊಬೈಲ್ ಸಿಮ್‌ಗೆ ಅದನ್ನು ಜೋಡಿಸಲೇಬೇಕೆಂಬ ಕಡ್ಡಾಯ ಬಿದ್ದುಹೋಯಿತು.

ನಾಲ್ಕನೆಯ ಪ್ರಶ್ನೆ: ನಮ್ಮ ಮಾತು ಕೇಳಿದರೇ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೆತ್ತ ಬೆಲೆ ದೊಡ್ಡದು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನವಲಗುಂದ, ನರಗುಂದದ ಕಪ್ಪು ನೆಲಕ್ಕೆ ಕಾಲುವೆ ತೆಗೆದರು. ನೀರಾವರಿಯಿಂದ ನೆಲದ ಬೆಲೆ ಏರುತ್ತದೆ, ಏರಿದ್ದರಲ್ಲಿ ಒಂದು ಪಾಲು ಸರಕಾರಕ್ಕೆ ಕೊಡಬೇಕು ಎಂಬುದು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ತರ್ಕ. ಅದಕ್ಕೆ ಕಾನೂನು ಇತ್ತು, ಉದ್ದೇಶವನ್ನೂ ಅನ್ಯಾಯ ಎನ್ನಲಾಗದು. ಆದರೆ ಎಷ್ಟೋ ಹೊಲಗಳಿಗೆ ನೀರೇ ಬಂದಿರಲಿಲ್ಲ, ಕೆಲವು ಕಡೆ ಬಂದ ನೀರು ನಿಂತು ಜವುಳಾಗಿತ್ತು, ಹತ್ತಿಯ ದರ ಕುಸಿದಿತ್ತು. ಬಾರದ ಲಾಭದ ಮೇಲೆ ಕರ ಹೇಗೆ ಕೊಡುವುದು ಎಂದು ರೈತರು ಕೇಳಿದರು. ಅರ್ಜಿ ಕೊಟ್ಟರು, ಮೆರವಣಿಗೆ ಮಾಡಿದರು, ಕಚೇರಿಯ ಮುಂದೆ ಕೂತರು. ಕೇಳುವ ಕಿವಿ ಸಿಗಲಿಲ್ಲ.

1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಎಂಬ ರೈತರು ಪ್ರಾಣಬಿಟ್ಟರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ಆಮೇಲೆ ಸರಕಾರ ಲೆವಿ ವಸೂಲಿಯನ್ನು ತಡೆಹಿಡಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, ಜುಲೈ 21 ಇಂದಿಗೂ ರೈತ ಹುತಾತ್ಮ ದಿನ. ಇಡೀ ಘಟನೆಯಲ್ಲಿ ನನ್ನನ್ನು ಕಾಡುವುದು ಇದು: ಪ್ರಾಣಗಳು ಹೋದ ಮೇಲೆ ಕೇಳಿಸಿಕೊಂಡದ್ದನ್ನು ಮೊದಲೇ ಕೇಳಿಸಿಕೊಳ್ಳಬಹುದಾಗಿತ್ತು. ಕಾನೂನು ಇದ್ದೂ, ಉದ್ದೇಶ ಇದ್ದೂ, ಆಲಿಸುವ ವ್ಯವಸ್ಥೆ ಇಲ್ಲದಿದ್ದರೆ ಅಧಿಕಾರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಲಿಸುವುದು ಉಪಕಾರವಲ್ಲ, ಕರ್ತವ್ಯ ಎಂದು ಕಾನೂನು ಈಗ ಹೇಳುತ್ತದೆ. 1894ರ ಹಳೆಯ ಭೂಸ್ವಾಧೀನ ಕಾಯಿದೆಯ ಜಾಗಕ್ಕೆ 2013ರ ಕಾಯಿದೆ ಬಂದಿದೆ. ಅದರಂತೆ ಖಾಸಗಿ ಕಂಪನಿಗೆ ನೆಲ ಬೇಕಾದರೆ 80 ಪ್ರತಿಶತ, ಸರಕಾರ ಮತ್ತು ಖಾಸಗಿ ಸೇರಿದ ಯೋಜನೆಗೆ 70 ಪ್ರತಿಶತ ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು. 2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆಸ್ತಿ ಕಳೆದುಕೊಳ್ಳುವವನ ಹಕ್ಕುಗಳನ್ನು ಬಿಡಿಬಿಡಿಯಾಗಿ ಎಣಿಸಿತು: ನೋಟೀಸು ಕೊಡಬೇಕು, ಆಕ್ಷೇಪಣೆ ಕೇಳಬೇಕು, ಕಾರಣ ಸಹಿತ ಆದೇಶ ಬರೆಯಬೇಕು, ಸಾರ್ವಜನಿಕ ಉದ್ದೇಶಕ್ಕೇ ತೆಗೆದುಕೊಳ್ಳಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕೆಲಸವನ್ನು ಸಮರ್ಥವಾಗಿ ಹೊತ್ತಿಗೆ ಸರಿಯಾಗಿ ನಡೆಸಬೇಕು, ಅರ್ಧಕ್ಕೆ ಬಿಡದೆ ಮುಗಿಸಬೇಕು. ನೀರಸಾಗರದಂಥ ಜಲಾಶಯ ಇಂದು ಕಟ್ಟುವುದಾದರೆ ನೆಲ ಕೊಡುವವನು ಕೇಳಬೇಕಾದ ಪ್ರಶ್ನೆಗಳೆಲ್ಲ ಆ ಪಟ್ಟಿಯಲ್ಲಿವೆ.

ದೆಹಲಿಗೂ ಮಿತಿ ಇದೆ

ಮಿತಿ ತಹಶೀಲ್ದಾರರಿಗೆ, ಪೊಲೀಸರಿಗೆ ಮಾತ್ರ ಎಂದುಕೊಳ್ಳಬೇಡಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿಬಂದು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್ 21ರಂದು ಕೇಂದ್ರ ವಜಾ ಮಾಡಿತು. ಬಹುಮತವನ್ನು ವಿಧಾನಸಭೆಯಲ್ಲೇ ರುಜುವಾತು ಮಾಡುತ್ತೇನೆ ಎಂದು ಅವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂದು ನೋಡುವ ಜಾಗ ಸದನ, ರಾಜಭವನವಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ಆದರೆ ಯಾವ ಪಕ್ಷದ್ದೇ ಆಗಲಿ, ನಂತರ ಬಂದ ಎಲ್ಲ ರಾಜ್ಯ ಸರಕಾರಗಳಿಗೂ ಆ ತೀರ್ಪು ರಕ್ಷಣೆಯಾಯಿತು.

ಊರೂ ಒಂದು ಅಧಿಕಾರವೇ

ಇಲ್ಲಿಯವರೆಗೆ ಸರಕಾರ ಎಲ್ಲಿ ನಿಲ್ಲಬೇಕು ಎಂದು ನೋಡಿದೆವು. ಎಲ್ಲಿ ಮುಂದೆ ಬರಲೇಬೇಕು ಎಂಬುದೂ ಅಷ್ಟೇ ಮುಖ್ಯ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವುದು ಸರಕಾರ ಒಂದೇ ಅಲ್ಲ. ಜಾತಿ ಕಸಿಯುತ್ತದೆ, ಸಾಲ ಕೊಟ್ಟ ಧಣಿ ಕಸಿಯುತ್ತಾನೆ, ಕೆಲವೊಮ್ಮೆ ಹೆತ್ತ ಮನೆಯೇ ಕಸಿಯುತ್ತದೆ. ಹೋಟೆಲಿನಲ್ಲಿ ಒಬ್ಬರಿಗೆ ಬೇರೆ ಲೋಟ ಇಟ್ಟರೆ, ಕ್ಷೌರದಂಗಡಿಯಲ್ಲಿ ಒಬ್ಬರನ್ನು ಕೂರಿಸದಿದ್ದರೆ ಅಲ್ಲಿ ಸರಕಾರ ಸುಮ್ಮನಿರುವುದೇ ಅಪರಾಧ. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ ಸರಕಾರಕ್ಕಷ್ಟೇ ಅಲ್ಲ, ನಮ್ಮನಿಮ್ಮೆಲ್ಲರಿಗೂ ನೇರವಾಗಿ ಅನ್ವಯಿಸುತ್ತದೆ. ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಮಾಡಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಅನುಮತಿ ಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು.

ಭೂಸುಧಾರಣೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ದೇವರಾಜ ಅರಸು ಸರಕಾರದ 1974ರ ತಿದ್ದುಪಡಿಯಿಂದ ಗೇಣಿದಾರ ಉಳುತ್ತಿದ್ದ ಹೊಲಕ್ಕೆ ಅವನೇ ಒಡೆಯನಾದ. ಭೂಮಾಲೀಕನ ಹಕ್ಕು ಮೊಟಕಾಯಿತು, ನಿಜ. ಗೇಣಿದಾರ ಮೊದಲ ಸಲ ಯಾರ ಮುಂದೂ ತಲೆ ತಗ್ಗಿಸದೆ ಬದುಕಿದ್ದೂ ನಿಜ. ನಂತರ 2020ರಲ್ಲಿ, ಕೃಷಿಕರಲ್ಲದವರು ಹೊಲ ಕೊಳ್ಳಬಾರದೆಂಬ ನಿರ್ಬಂಧವನ್ನು ಸರಕಾರ ತೆಗೆದುಹಾಕಿತು. ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ರೈತನಿಗೆ ಬಂತು ಎಂದರು ಕೆಲವರು. ಹಣವಂತರ ಎದುರು ಸಣ್ಣ ರೈತನ ಸ್ವಾತಂತ್ರ್ಯ ಎಷ್ಟು ದಿನದ್ದು ಎಂದರು ಇನ್ನು ಕೆಲವರು. ಇಂಥ ಕಡೆ ಸ್ವಾತಂತ್ರ್ಯ ಎಂಬ ಮಾತು ಕೇಳಿದ ತಕ್ಷಣ ಯಾರ ಸ್ವಾತಂತ್ರ್ಯ, ಯಾರ ಲೆಕ್ಕದಲ್ಲಿ ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಹೊಸಬರು ಎಡವುವ ಮೂರು ಕಡೆ

‘ತಪ್ಪು ಮಾಡದವನಿಗೆ ಏನು ಭಯ?’ ಈ ಮಾತು ಬಹಳ ಕೇಳುತ್ತೇವೆ. ಇದು ಕಾರಣ ಹೇಳುವ ಹೊರೆಯನ್ನು ಸರಕಾರದ ಹೆಗಲಿನಿಂದ ನಮ್ಮ ಹೆಗಲಿಗೆ ದಾಟಿಸುತ್ತದೆ. ಸ್ನೇಹಲತಾ ರೆಡ್ಡಿ ಯಾವ ತಪ್ಪಿಗಾಗಿ ಅಷ್ಟು ತಿಂಗಳು ಜೈಲಿನಲ್ಲಿದ್ದರು? ಯಮನೂರಿನ ಮುದುಕಿಯರು ಯಾವ ತಪ್ಪಿಗೆ ಪೆಟ್ಟು ತಿಂದರು? ಹಕ್ಕುಗಳು ಇರುವುದೇ ತಪ್ಪು ಮಾಡದವನನ್ನು ಕಾಯಲು.

‘ಹೆಚ್ಚು ಮಂದಿ ಒಪ್ಪಿದ ಮೇಲೆ ಮುಗಿಯಿತಲ್ಲ.’ ಮುಗಿಯಲಿಲ್ಲ. ಕೆರೆಯ ಹೂಳು ಎತ್ತಬೇಕೋ ರಸ್ತೆ ಮಾಡಬೇಕೋ ಎಂಬುದನ್ನು ಗ್ರಾಮಸಭೆಯ ಬಹುಮತ ತೀರ್ಮಾನಿಸಬಹುದು. ಊರ ಬಾವಿಯ ನೀರನ್ನು ಯಾರು ಸೇದಬಾರದು ಎಂದು ತೀರ್ಮಾನಿಸಲು ಇಡೀ ಊರು ಕೈ ಎತ್ತಿದರೂ ಅಧಿಕಾರವಿಲ್ಲ.

‘ಇದೆಲ್ಲ ವಕೀಲರ ವಿಷಯ.’ ನವಲಗುಂದದ ರೈತರು, ಕುಸನೂರಿನ ಹೆಣ್ಣುಮಕ್ಕಳು ವಕೀಲರಾಗಿರಲಿಲ್ಲ. ಪ್ರಶ್ನೆ ಮೊದಲು ಅವರಿಂದ ಬಂತು, ಕಾಯಿದೆಯ ಪುಸ್ತಕ ಆಮೇಲೆ ಬಂತು.

ಎಲ್ಲಿಂದ ಶುರುಮಾಡುವುದು?

ಸಣ್ಣದರಿಂದ ಶುರುಮಾಡಿ. ಯಾವುದೇ ಅಧಿಕಾರಿ ಇದು ಆಗುವುದಿಲ್ಲ ಎಂದರೆ ಜಗಳ ತೆಗೆಯಬೇಡಿ, ‘ಸಾಹೇಬ್ರ, ಇದನ್ನ ಬರದು ಕೊಡ್ರಿ’ ಎಂದು ಗೌರವದಿಂದಲೇ ಕೇಳಿ. ಬರೆದು ಕೊಡಬೇಕಾದಾಗ ಕಾರಣ ಬರೆಯಬೇಕಾಗುತ್ತದೆ. ಕಾರಣ ಕಾಗದದ ಮೇಲೆ ಬಂದರೆ ಅದನ್ನು ಮೇಲಿನವರ ಮುಂದೆ ಪ್ರಶ್ನಿಸಲು ಬರುತ್ತದೆ. ಪಂಚಾಯಿತಿಯ ಠರಾವು, ಕಾಮಗಾರಿಯ ಲೆಕ್ಕ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಯಾರದಾದರೂ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾಗಿದ್ದರೆ 48 ಗಂಟೆಯಲ್ಲಿ ಕೊಡಬೇಕು. ಜಾತಿ, ಆದಾಯದ ಪ್ರಮಾಣಪತ್ರದಂಥ ಸೇವೆಗಳಿಗೆ ಸಕಾಲ ಕಾಯಿದೆ ಗಡುವು ಹಾಕಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹೋಗಿ ಕೂಡಿ, ನಿಮ್ಮ ಅಕ್ಕತಂಗಿಯರನ್ನೂ ಕರೆದೊಯ್ಯಿರಿ. ಮೂಲಭೂತ ಹಕ್ಕಿಗೇ ಪೆಟ್ಟು ಬಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಮೊದಲು ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿತ್ತು. 2008ರಿಂದ ಧಾರವಾಡದಲ್ಲೇ ಪೀಠವಿದೆ, 2013ರಲ್ಲಿ ಅದು ಕಾಯಂ ಆಯಿತು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವು ಕೊಡಲು ತಾಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿ ಇದೆ.

ಓದಲು ಮನಸ್ಸಿದ್ದರೆ ದಪ್ಪ ಪುಸ್ತಕ ಬೇಡ. ಕನ್ನಡದಲ್ಲಿ ಸಂವಿಧಾನ ಸಿಗುತ್ತದೆ. ಅದರ ಮೂರನೆಯ ಭಾಗದಲ್ಲಿ 19ರಿಂದ 22ರವರೆಗಿನ ವಿಧಿಗಳನ್ನು ಮೊದಲು ಓದಿ, ನಂತರ 14ರಿಂದ 18, ಆಮೇಲೆ ಉಳಿದದ್ದು. ಓದುವಾಗ ಪ್ರತಿ ವಿಧಿಯ ಪಕ್ಕದಲ್ಲಿ ನಿಮ್ಮ ಊರಿನಲ್ಲೇ ನಡೆದ ಒಂದು ಉದಾಹರಣೆ ಬರೆದುಕೊಳ್ಳಿ. ಎಲ್ಲಿ ಉದಾಹರಣೆ ಸಿಗುವುದಿಲ್ಲವೋ ಅಲ್ಲಿ ಹಿರಿಯರನ್ನು ಕೇಳಿ. ಅಳಗವಾಡಿಯಲ್ಲಿ, ಯಮನೂರಿನಲ್ಲಿ, ಕುಸನೂರಿನಲ್ಲಿ ಆ ದಿನಗಳನ್ನು ಕಂಡವರು ಇನ್ನೂ ಇದ್ದಾರೆ. ಸರಕಾರವನ್ನು ಕಾರಣ ಕೇಳುವುದು ಉದ್ಧಟತನ ಎಂದು ಯಾರಾದರೂ ಗದರಿದರೆ ಹೆದರಬೇಡಿ. ಮತ ಹಾಕಿ ಅಧಿಕಾರ ಕೊಟ್ಟವರಿಗೆ ಕಾರಣ ಕೇಳುವ ಹಕ್ಕು ಇದ್ದೇ ಇದೆ, ಕೇಳುವುದನ್ನು ಬಿಟ್ಟ ದಿನ ಅದು ಕಾಗದದಲ್ಲಷ್ಟೇ ಉಳಿಯುತ್ತದೆ.